ಬಲಗಡೆಯ ಕಾಲಮ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರೋದು ನ್ಯೂಜೆರ್ಸಿಯಲ್ಲಿ, ಊರು ಶಿವಮೊಗ್ಗ. ಮಗಳು ಸೆಪ್ಟೆಂಬರ್‌ನಲ್ಲಿ 11ನೇ ಕ್ಲಾಸಿಗೆ ಹೋಗುತ್ತಾಳೆ. ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸ್) ತಗೊಂಡಿದ್ದಾಳೆ. ರಜೆಯಲ್ಲಿ ಓದೋಕೆ ಎರಡು ಪುಸ್ತಕ ಕೊಟ್ಟಿದ್ದಾರೆ: 'ದಿ ಗ್ರೇಟ್ ಗ್ಯಾಟ್ಸ್‌ಬಿ' ಮತ್ತು ಫ್ರೆಡರಿಕ್ ಡಗ್ಲಸ್ ಅವರ ಆತ್ಮಕಥೆ. ಒಂದೊಂದಕ್ಕೂ 15 ಎಂಟ್ರಿ ಇರೋ 'ಡಯಲೆಕ್ಟಿಕಲ್ ಜರ್ನಲ್' ಬರೆಯಬೇಕಂತೆ, ಅದೂ ಕೈಬರಹದಲ್ಲಿ. ಎಡಗಡೆ ಪುಸ್ತಕದ ಸಾಲು, ಬಲಗಡೆ ಇವಳ ಪ್ರತಿಕ್ರಿಯೆ. ಎಡಗಡೆ ಬೇಗ ತುಂಬಿಸುತ್ತಾಳೆ. ಬಲಗಡೆಗೆ ಬಂದರೆ ಪೆನ್ನು ಓಡಲ್ಲ. ಆಮೇಲೆ ಸ್ಪಾರ್ಕ್‌ನೋಟ್ಸ್ ಅನ್ನೋ ಆನ್‌ಲೈನ್ ಗೈಡ್ ತೆಗೆಯುತ್ತಾಳೆ, ಇಲ್ಲಾಂದ್ರೆ ಚಾಟ್‌ಜಿಪಿಟಿ ಕೇಳುತ್ತಾಳೆ. ಜುಲೈನಲ್ಲಿ ಐದು ವಾರ ಊರಿಗೆ ಹೋಗುತ್ತಿದ್ದೇವೆ, ಅಲ್ಲಿ ಇದೆಲ್ಲ ಆಗೋ ಮಾತಾ ಅಂತಾರೆ ನಮ್ಮ ಯಜಮಾನರು. ನಾನು ಪಿಯುಸಿಯಿಂದ ಸೈನ್ಸ್, ಕಾದಂಬರಿ ಓದಿದ್ದು ಕಡಿಮೆ. ನಾನು ಹೇಗೆ ಸಹಾಯ ಮಾಡಲಿ? ಅವಳು ಬರೆದಿದ್ದನ್ನು ತಿದ್ದಬಹುದಾ? ರಜೆಯಲ್ಲೂ ಹೋಂವರ್ಕ್ ಯಾಕೆ ಅಂತ ಜಗಳ ತೆಗೆಯುತ್ತಾಳೆ, ಏನು ಹೇಳಲಿ?

ಉತ್ತರ: ಕಾದಂಬರಿ ಓದಿ ಅಭ್ಯಾಸ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಈ ಕೆಲಸಕ್ಕೆ ಅದರಿಂದ ಲಾಭವೇ ಜಾಸ್ತಿ, ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಬಲಗಡೆಯ ಕಾಲಮ್ ವಿಷಯ ನೋಡೋಣ. ನೀವು ಹೇಳಿರೋ ಮಿಕ್ಕ ತೊಂದರೆಗಳೆಲ್ಲ ಅಲ್ಲಿಂದಲೇ ಹುಟ್ಟಿವೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಪ್ರತಿ ಸೆಪ್ಟೆಂಬರ್‌ನಲ್ಲೂ ಇಂಥ ನೋಟ್‌ಬುಕ್‌ಗಳ ಒಂದು ರಾಶಿ ಹೊತ್ತುಕೊಂಡು ಮನೆಗೆ ಬರುತ್ತೇನೆ. ಬಹಳಷ್ಟರಲ್ಲಿ ಬಲಗಡೆ ಹೀಗಿರುತ್ತದೆ: "ಹಸಿರು ದೀಪ ಗ್ಯಾಟ್ಸ್‌ಬಿಯ ಆಸೆಯ ಸಂಕೇತ. ಅಮೆರಿಕನ್ ಡ್ರೀಮ್ ಕೈಗೆ ಸಿಗುವುದಿಲ್ಲ ಎಂದು ಲೇಖಕರು ತೋರಿಸುತ್ತಾರೆ." ತಪ್ಪೇನಿಲ್ಲ. ಆದರೆ ಇಷ್ಟು ಬರೆಯೋಕೆ ಪುಸ್ತಕ ತೆರೆಯಲೇಬೇಕು ಅಂತಿಲ್ಲ. ಇಪ್ಪತ್ತು ಮಕ್ಕಳ ನೋಟ್‌ಬುಕ್ಕಲ್ಲಿ ಇದೇ ಮಾತು ಇರುತ್ತದೆ, ಯಾರು ಯಾವುದು ಬರೆದರು ಅಂತ ಹೆಸರು ನೋಡಿಯೇ ಗೊತ್ತಾಗಬೇಕು.

ಮಕ್ಕಳು ಹೀಗೆ ಬರೆಯೋಕೆ ಕಾರಣ ಇದೆ. ಬಲಗಡೆ ಅಂದ್ರೆ ಎಡಗಡೆಯ ಸಾಲಿನ ಅರ್ಥ ಬಿಡಿಸೋ ಜಾಗ ಅಂದುಕೊಂಡಿರುತ್ತಾರೆ. ನೀವು ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡ ಪೇಪರ್ ಬರೆದಿದ್ದರೆ 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಅನ್ನೋ ಪ್ರಶ್ನೆ ನೆನಪಿರುತ್ತದೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ ಮಾಡಿ, ಗೈಡಿನಲ್ಲಿ ಇದ್ದಿದ್ದನ್ನು ಬಾಯಿಪಾಠ ಹೊಡೆದು ಇಳಿಸುತ್ತಿದ್ದೆವು. ಇಡೀ ಕ್ಲಾಸಿಗೆ ಒಂದೇ ಸ್ವಾರಸ್ಯ! ನಿಮ್ಮ ಮಗಳ ಟೀಚರ್ ಕೇಳುತ್ತಿರುವುದು ಸರಿಸುಮಾರು ಅದನ್ನೇ, ಆದರೆ ಗೈಡ್ ಪಕ್ಕಕ್ಕಿಟ್ಟು. ಈ ಸಾಲಿನ ಹತ್ತಿರ ಬಂದಾಗ ನಿನಗೆ ಏನಾಯಿತು? ನಕ್ಕೆಯಾ, ಸಿಟ್ಟು ಬಂತಾ, ಅರ್ಥ ಆಗದೆ ಹಿಂದೆ ಹೋಗಿ ಇನ್ನೊಮ್ಮೆ ಓದಿದೆಯಾ? ಯಾವ ಪದ ನೋಡಿ ಹಾಗಾಯಿತು? ಬಲಗಡೆ ಬೇಕಿರೋದು ಇಷ್ಟೇ.

ಈ ಪದ್ಧತಿಗೆ ಒಂದು ಇತಿಹಾಸವೂ ಇದೆ, ಚುಟುಕಾಗಿ ಹೇಳಿಬಿಡುತ್ತೇನೆ. ಲೂಯಿಸ್ ರೋಸನ್‌ಬ್ಲಾಟ್ ಅನ್ನೋ ಪ್ರಾಧ್ಯಾಪಕಿ 1938ರಲ್ಲೇ ಒಂದು ವಾದ ಮಂಡಿಸಿದರು. ಅರ್ಥ ಅನ್ನೋದು ಪುಸ್ತಕದೊಳಗೆ ಸಿದ್ಧವಾಗಿ ಕೂತಿರಲ್ಲ, ಓದುಗ ಮತ್ತು ಬರಹ ಎರಡೂ ಸೇರಿದಾಗ ಹುಟ್ಟುತ್ತದೆ ಅಂತ. ಆನ್ ಬರ್ಥಾಫ್ ಅನ್ನುವವರು 1981ರಲ್ಲಿ, ನೋಟ್‌ಬುಕ್ಕಿನ ಒಂದು ಬದಿ ಓದಿದ್ದು, ಇನ್ನೊಂದು ಬದಿ ಅದರ ಬಗ್ಗೆ ಯೋಚಿಸಿದ್ದು ಅಂತ ಬರೆಯುವ ಕ್ರಮವನ್ನು ಟೀಚರ್‌ಗಳಿಗಾಗಿ ವಿವರಿಸಿದರು. ಅವರ ಲೆಕ್ಕದಲ್ಲಿ ಎರಡೂ ಬದಿ ಒಂದಕ್ಕೊಂದು ಮಾತಾಡಬೇಕು. ಬರೆದಿದ್ದನ್ನು ಮತ್ತೆ ನೋಡಿ, ಮತ್ತೆ ಪ್ರಶ್ನೆ ಕೇಳಬೇಕು. ಶಾಲೆಗಳಿಗೆ ಬರುವಷ್ಟರಲ್ಲಿ ಅದು '15 ಎಂಟ್ರಿ, ಒಂದೊಂದು 75 ಪದ' ಅನ್ನೋ ಲೆಕ್ಕವಾಯಿತು. ಅದು ಬೇರೆ ಕಥೆ.

ಮಾತಲ್ಲಿ ಹೇಳೋದಕ್ಕಿಂತ ಒಂದು ಎಂಟ್ರಿ ಮಾಡಿ ತೋರಿಸುತ್ತೇನೆ. ನಿಮ್ಮ ಮಗಳು ಇಂಗ್ಲಿಷಿನಲ್ಲೇ ಬರೆಯುತ್ತಾಳೆ, ನಾನು ಕನ್ನಡದಲ್ಲಿ ಹೇಳುತ್ತೇನೆ.

'ಗ್ಯಾಟ್ಸ್‌ಬಿ' 1925ರ ಕಾದಂಬರಿ, ಒಂಬತ್ತೇ ಅಧ್ಯಾಯ. ಕಳ್ಳದಂಧೆಯಿಂದ ಶ್ರೀಮಂತನಾದ ಗ್ಯಾಟ್ಸ್‌ಬಿ, ಈಗ ಬೇರೆಯವನ ಹೆಂಡತಿಯಾಗಿರುವ ಹಳೆಯ ಪ್ರೇಯಸಿ ಡೇಸಿಯನ್ನು ಮತ್ತೆ ಪಡೆಯೋಕೆ ಹೊರಡುವ ಕಥೆ. ಕೊನೆಯ ಅಧ್ಯಾಯದಲ್ಲಿ ಗ್ಯಾಟ್ಸ್‌ಬಿ ಸತ್ತ ಮೇಲೆ ಅವನ ಅಪ್ಪ ಮಿನೆಸೋಟಾದಿಂದ ಬರುತ್ತಾನೆ. ಜೇಬಿನಿಂದ ಮಗ ಚಿಕ್ಕವನಿದ್ದಾಗ ಓದುತ್ತಿದ್ದ ಹರಕಲು ಕೌಬಾಯ್ ಪುಸ್ತಕ ತೆಗೆಯುತ್ತಾನೆ. ಅದರ ಹಿಂದಿನ ಖಾಲಿ ಹಾಳೆಯಲ್ಲಿ ಹುಡುಗ ಒಂದು ಟೈಮ್‌ಟೇಬಲ್ ಬರೆದಿದ್ದಾನೆ, ತಾರೀಖು 1906ರ ಸೆಪ್ಟೆಂಬರ್ 12. ಬೆಳಿಗ್ಗೆ 6ಕ್ಕೆ ಏಳುವುದು. 6.15ರಿಂದ ವ್ಯಾಯಾಮ. ಆಮೇಲೆ ವಿದ್ಯುತ್ ಬಗ್ಗೆ ಓದು, ಕೆಲಸ, ಬೇಸ್‌ಬಾಲ್, ಮಾತಾಡುವ ಅಭ್ಯಾಸ. ಕೆಳಗೆ ಕೆಲವು ಸಂಕಲ್ಪಗಳು: ಸಿಗರೇಟು ಬಿಡುವುದು (ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪಿದೆ), ದಿನ ಬಿಟ್ಟು ದಿನ ಸ್ನಾನ, ವಾರಕ್ಕೊಂದು ಒಳ್ಳೆಯ ಪುಸ್ತಕ ಅಥವಾ ಪತ್ರಿಕೆ, ಅಪ್ಪ ಅಮ್ಮನ ಜೊತೆ ಇನ್ನೂ ಚೆನ್ನಾಗಿ ನಡೆದುಕೊಳ್ಳುವುದು. ಮಧ್ಯೆ ಒಂದು ಸಾಲಿದೆ: ವಾರಕ್ಕೆ 5 ಡಾಲರ್ ಉಳಿಸುವುದು. ಆ 5ನ್ನು ಹೊಡೆದು ಹಾಕಿ 3 ಅಂತ ಮಾಡಿದ್ದಾನೆ.

ಬಹಳ ಮಕ್ಕಳು ಈ ಪಟ್ಟಿಯನ್ನು ಎಡಗಡೆ ಹಾಕಿ, ಬಲಗಡೆ "ಗ್ಯಾಟ್ಸ್‌ಬಿ ಚಿಕ್ಕಂದಿನಿಂದಲೂ ಮಹತ್ವಾಕಾಂಕ್ಷಿ" ಅಂತ ಬರೆದು ಮುಗಿಸುತ್ತಾರೆ. ಈಗ ಇದನ್ನು ನೋಡಿ.

ಎಡಗಡೆ: 5 ಡಾಲರ್ ಹೊಡೆದು 3 ಡಾಲರ್ ಮಾಡಿದ ಸಾಲು, ಅಧ್ಯಾಯ 9.

ಬಲಗಡೆ: "ಈ ಪಟ್ಟಿಯಲ್ಲಿ ತಿದ್ದಿರುವ ಅಂಕಿ ಇದೊಂದೇ. ಹುಡುಗನಿಗೆ ಐದು ಜಾಸ್ತಿ ಆಯಿತು ಅನ್ನಿಸಿದೆ, ಮೂರಕ್ಕೆ ಇಳಿಸಿದ್ದಾನೆ. ದೊಡ್ಡವನಾದ ಗ್ಯಾಟ್ಸ್‌ಬಿ ಯಾವುದನ್ನೂ ಇಳಿಸಲ್ಲ. 7ನೇ ಅಧ್ಯಾಯದಲ್ಲಿ, ಹೋಟೆಲ್ ರೂಮಿನಲ್ಲಿ, ಡೇಸಿ ತನ್ನನ್ನು ಪ್ರೀತಿಸಿದರೆ ಸಾಲದು, ಗಂಡನನ್ನು ಯಾವತ್ತೂ ಪ್ರೀತಿಸಿರಲಿಲ್ಲ ಅಂತಲೂ ಹೇಳಬೇಕು ಅಂತ ಹಟ ಹಿಡಿಯುತ್ತಾನೆ. ಐದನ್ನು ಮೂರು ಮಾಡಿಕೊಳ್ಳೋಕೆ ಗೊತ್ತಿದ್ದ ಹುಡುಗ ಎಲ್ಲಿ ಹೋದ?"

ಇಷ್ಟೇ. ಎಪ್ಪತ್ತು ಪದವೂ ಇಲ್ಲ. ದೊಡ್ಡ ಶಬ್ದ ಒಂದೂ ಇಲ್ಲ, 'ಸಂಕೇತ' ಅನ್ನೋದೂ ಇಲ್ಲ. ಕೊನೆಗೆ ಉತ್ತರ ಕೂಡ ಇಲ್ಲ. ಆದರೆ ಈ ಮಗು 7ನೇ ಅಧ್ಯಾಯವನ್ನೂ 9ನೇ ಅಧ್ಯಾಯವನ್ನೂ ಕಣ್ಣಿಟ್ಟು ಓದಿದೆ ಅಂತ ನನಗೆ ತಕ್ಷಣ ಗೊತ್ತಾಗುತ್ತದೆ. ಈ ಪ್ರಶ್ನೆಯ ಮೇಲೆ ನಾಲ್ಕು ಪುಟದ ಪ್ರಬಂಧ ಬರೆಯಬಹುದು. ಹಸಿರು ದೀಪದ ಮೇಲೆ ಬರೆದ ಎಂಟ್ರಿಯಿಂದ ಮುಂದೆ ಹೋಗೋಕೆ ದಾರಿಯೇ ಇರಲಿಲ್ಲ, ಅಲ್ವಾ?

ಇದೇ ಪುಟದಲ್ಲಿ ಇನ್ನೊಂದು ತಮಾಷೆ ಇದೆ. ಅಪ್ಪ ಒಂದೊಂದು ಸಾಲನ್ನೂ ಜೋರಾಗಿ ಓದಿ, ಕಥೆ ಹೇಳುವ ನಿಕ್‌ನ ಮುಖ ನೋಡುತ್ತಾನೆ. ನಾನೂ ಈ ಪಟ್ಟಿಯನ್ನು ನನಗಾಗಿ ನಕಲು ಮಾಡಿಕೊಳ್ಳಲಿ ಅಂತ ಅವನಿಗಿತ್ತೇನೋ ಅಂದುಕೊಳ್ಳುತ್ತಾನೆ ನಿಕ್. ಫ್ರಿಜ್ ಬಾಗಿಲಿಗೆ ಟೈಮ್‌ಟೇಬಲ್ ಅಂಟಿಸೋ ನಮ್ಮಂಥ ಮನೆಗಳ ಮಕ್ಕಳು ಇಲ್ಲಿ ಖಂಡಿತ ನಗುತ್ತಾರೆ. ನಗಲಿ, ಅದನ್ನೇ ಬರೆಯಲಿ. ಆದರೆ "ನಮ್ಮ ಮನೆಯಲ್ಲೂ ಹೀಗೇ" ಅಂತ ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ. ಸ್ವಂತ ಜೀವನಕ್ಕೆ ಹೋದವರು ಪುಸ್ತಕಕ್ಕೆ ವಾಪಸ್ ಬರಬೇಕು. ನಮ್ಮನೆ ಟೈಮ್‌ಟೇಬಲ್ ನೆನಪಾಗಿದ್ದರಿಂದ ಈ ಅಪ್ಪನ ಬಗ್ಗೆ ಹೊಸದಾಗಿ ಏನು ಕಾಣಿಸಿತು? ಮಗ ಈ ಪಟ್ಟಿಯಿಂದಲೇ ಮೇಲೆ ಬಂದ ಅಂತ ಅವನು ನಂಬಿದ್ದಾನೆ. ದುಡ್ಡು ನಿಜವಾಗಿ ಎಲ್ಲಿಂದ ಬಂತು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಲ್ಲಿಗೆ ನಗು ನಿಂತುಬಿಡುತ್ತದೆ. ಹೀಗೆ ಹೋಗಿ ಬರೋದನ್ನೇ ಟೀಚರ್‌ಗಳು 'ಕನೆಕ್ಷನ್' ಅನ್ನುತ್ತಾರೆ.

ಇನ್ನು ಡಗ್ಲಸ್. 1845ರಲ್ಲಿ ಬಂದ ಪುಸ್ತಕ. ಬರೆದಾಗ ಡಗ್ಲಸ್ ಕಾನೂನಿನ ಲೆಕ್ಕದಲ್ಲಿ ಇನ್ನೂ ಓಡಿಬಂದ ಗುಲಾಮ. ನಿಮ್ಮ ಮಗಳ ಕೋರ್ಸಿಗೆ 'ಗ್ಯಾಟ್ಸ್‌ಬಿ'ಗಿಂತ ಇದೇ ಮುಖ್ಯ. ಎಪಿ ಲ್ಯಾಂಗ್ವೇಜ್‌ನಲ್ಲಿ ಜಾಸ್ತಿ ಓದೋದು ಕಥೆಯಲ್ಲದ ಬರಹ: ಭಾಷಣ, ಪತ್ರ, ಪ್ರಬಂಧ, ಆತ್ಮಕಥೆ. ಬರೆಯುವವರು ಓದುಗರನ್ನು ತಮ್ಮ ಕಡೆಗೆ ಹೇಗೆ ಒಲಿಸಿಕೊಳ್ಳುತ್ತಾರೆ ಅನ್ನೋದೇ ಅಲ್ಲಿ ಪಾಠ. ಹಾಗಾಗಿ "ಪಾಪ, ಎಷ್ಟು ಕಷ್ಟಪಟ್ಟರು" ಅಂತ ಬರೆದರೆ ಸಾಲದು. ಪಾಪ ಅನ್ನಿಸೋದು ಸಹಜ, ಆದರೆ ಹಾಗನ್ನಿಸುವ ಹಾಗೆ ಅವರು ಏನು ಮಾಡಿದರು ಅಂತ ನೋಡಬೇಕು.

7ನೇ ಅಧ್ಯಾಯದಲ್ಲಿ ಬಾಲಕ ಡಗ್ಲಸ್ ಬಾಲ್ಟಿಮೋರ್‌ನಲ್ಲಿ ಓದು ಕಲಿಯುವ ಭಾಗ ಬರುತ್ತದೆ. ಯಜಮಾನಿ ಮೊದಲು ಅಕ್ಷರ ಹೇಳಿಕೊಟ್ಟಿದ್ದಳು. ಗಂಡ ನಿಲ್ಲಿಸಿಬಿಟ್ಟ. ಆಮೇಲೆ ಡಗ್ಲಸ್ ಪೇಟೆಗೆ ಕಳಿಸಿದಾಗಲೆಲ್ಲ ಜೇಬಿನಲ್ಲಿ ಬ್ರೆಡ್ ಇಟ್ಟುಕೊಂಡು ಹೋಗಿ, ಬೀದಿಯ ಬಡ ಬಿಳಿ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಪಾಠ ಹೇಳಿಸಿಕೊಳ್ಳುತ್ತಾರೆ. ಎಲ್ಲ ಮಕ್ಕಳೂ ಈ ಬ್ರೆಡ್ ವಿಷಯ ಬರೆಯುತ್ತಾರೆ. ಅದರ ಮುಂದಿನ ಸಾಲು ಬರೆಯುವವರು ಕಡಿಮೆ. ಆ ಹುಡುಗರಲ್ಲಿ ಎರಡು ಮೂರು ಜನರ ಹೆಸರು ಹೇಳಬೇಕು ಅಂತ ತುಂಬ ಆಸೆ ಇದೆ, ಆದರೆ ಹೇಳಲಾರೆ ಅನ್ನುತ್ತಾರೆ ಡಗ್ಲಸ್. ತನಗೇನೂ ತೊಂದರೆಯಿಲ್ಲ, ಅವರಿಗೆ ಮುಜುಗರ ಆಗಬಹುದು ಅಂತ. ಯಾಕಂದ್ರೆ ಈ ಕ್ರೈಸ್ತ ದೇಶದಲ್ಲಿ ಗುಲಾಮರಿಗೆ ಓದು ಕಲಿಸುವುದು ಹೆಚ್ಚುಕಡಿಮೆ ಕ್ಷಮಿಸಲಾಗದ ಅಪರಾಧ ಅಂತ ಒಂದು ಏಟು ಹಾಕುತ್ತಾರೆ.

ಮಗಳ ಹತ್ತಿರ ಇದೊಂದು ಕೇಳಿ: ಹೊಡೆದವರ, ಬಡಿದವರ, ಯಜಮಾನರ ಹೆಸರನ್ನು ಊರಿನ ಸಮೇತ ಬರೆದಿರುವ ಮನುಷ್ಯ, ಉಪಕಾರ ಮಾಡಿದವರ ಹೆಸರನ್ನು ಯಾಕೆ ಮುಚ್ಚಿಟ್ಟರು? ಆಮೇಲೆ ಅವಳು 11ನೇ ಅಧ್ಯಾಯಕ್ಕೆ ಬಂದಾಗ, ಡಗ್ಲಸ್ ತಾನು ಹೇಗೆ ತಪ್ಪಿಸಿಕೊಂಡೆ ಅನ್ನೋದನ್ನು ಹೇಳದೇ ಬಿಡುತ್ತಾರೆ. ಹಿಂದೆ ಉಳಿದವರ ದಾರಿ ಮುಚ್ಚಿಹೋಗಬಾರದು ಅಂತ. ಎರಡೂ ಕಡೆ ಬೇಕಂತಲೇ ಬಾಯಿ ಮುಚ್ಚಿದ್ದಾರೆ, ಮತ್ತು ಮುಚ್ಚುತ್ತಿದ್ದೇನೆ ಅಂತ ನಮಗೆ ಹೇಳಿಯೇ ಮುಚ್ಚಿದ್ದಾರೆ. ಇದನ್ನು ಜೋಡಿಸಿ ಬರೆದ ಮಗುವಿಗೆ ಎಪಿ ಕ್ಲಾಸಿನಲ್ಲಿ ಕಲಿಸೋಕೆ ನನಗೆ ಅರ್ಧ ಕೆಲಸ ಕಡಿಮೆ.

ಪುಸ್ತಕದ ಶುರುವಿನಲ್ಲಿ ಗುಲಾಮಗಿರಿ ವಿರುದ್ಧ ಹೋರಾಡಿದ ಗ್ಯಾರಿಸನ್ ಅವರ ಮುನ್ನುಡಿ, ಅವರ ಜೊತೆಗಾರ ವೆಂಡೆಲ್ ಫಿಲಿಪ್ಸ್ ಅವರ ಪತ್ರ ಇರುತ್ತವೆ. ಮಕ್ಕಳು ಅಲ್ಲೇ ಸಿಕ್ಕಿಹಾಕಿಕೊಂಡು ಪುಸ್ತಕ ಬೋರು ಅಂತ ಮುಚ್ಚಿಬಿಡುತ್ತಾರೆ. ಸೀದಾ 1ನೇ ಅಧ್ಯಾಯಕ್ಕೆ ಹೋಗಲಿ, ಇವೆರಡನ್ನು ಕೊನೆಗೆ ಓದಲಿ. ಆಗ ಒಂದು ಎಂಟ್ರಿ ತಾನಾಗಿ ಸಿಗುತ್ತದೆ: ಇಷ್ಟು ಚೆನ್ನಾಗಿ ಬರೆಯಬಲ್ಲ ಮನುಷ್ಯನ ಮಾತಿಗೆ ಇಬ್ಬರು ಬಿಳಿಯರ ಸಾಕ್ಷಿ ಯಾಕೆ ಬೇಕಾಯಿತು?

ಹಾಗಂತ ಮೂವತ್ತೂ ಎಂಟ್ರಿ ಇಷ್ಟು ಹೊಳೆಯಬೇಕು ಅಂತ ಮಗಳ ತಲೆಗೆ ತುಂಬಬೇಡಿ. ನೋಟ್‌ಬುಕ್ಕಲ್ಲಿ ಐದಾರು ಚೆನ್ನಾಗಿದ್ದರೆ ನನಗೆ ಸಂತೋಷ. ಮಿಕ್ಕವು ಸಾದಾ ಇರಲಿ. "ಈ ಪ್ಯಾರಾ ಮೂರು ಸಲ ಓದಿದೆ, ಯಾರು ಮಾತಾಡುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ, ಯಾಕಂದ್ರೆ..." ಅನ್ನೋದೂ ಒಳ್ಳೆಯ ಎಂಟ್ರಿ. ಆ 'ಯಾಕಂದ್ರೆ' ಇರಬೇಕು, ಅಷ್ಟೇ. ಕೆಲವು ಶಾಲೆಗಳಲ್ಲಿ ಪ್ರಶ್ನೆಗೆ ಕ್ಯೂ, ಕನೆಕ್ಷನ್‌ಗೆ ಸಿ, ಮುಂದೇನಾಗಬಹುದು ಅನ್ನೋದಕ್ಕೆ ಪಿ ಅಂತ ಅಕ್ಷರ ಹಾಕಿಸುತ್ತಾರೆ. ಬರೆದ ಮೇಲೆ ಅಕ್ಷರ ಹಾಕಲಿ. ಅಕ್ಷರ ಹಾಕಿಕೊಂಡು ಅದಕ್ಕೆ ತಕ್ಕಂತೆ ಹುಡುಕೋಕೆ ಹೋದರೆ ಮತ್ತೆ ಗೈಡಿನ ಥರ ಆಗುತ್ತದೆ.

ಸಾಲು ಆರಿಸುವ ರೀತಿ ಬದಲಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಅವಳು ಎಡಗಡೆ ಬೇಗ ತುಂಬಿಸುತ್ತಾಳೆ ಅಂದಿರಿ. ನನ್ನ ಊಹೆ, ಅವಳು ಫೇಮಸ್ ಸಾಲುಗಳನ್ನು ಹಾಕುತ್ತಿದ್ದಾಳೆ. ಆ ಸಾಲುಗಳ ಬಗ್ಗೆ ಹೇಳಬೇಕಾದ್ದನ್ನೆಲ್ಲ ಆಗಲೇ ಬೇರೆಯವರು ಹೇಳಿಬಿಟ್ಟಿದ್ದಾರೆ, ಇವಳಿಗೆ ಉಳಿದಿಲ್ಲ. ಅದರ ಬದಲು ಓದುವಾಗ ಬರೆಯಲೇಬಾರದು. ಪೆನ್ಸಿಲ್ ಇಟ್ಟುಕೊಂಡು, ಎಲ್ಲಿ ಏನೋ ಅನ್ನಿಸಿತೋ ಅಲ್ಲಿ ಅಂಚಿನಲ್ಲಿ ಒಂದು ಗೀಟು. ಲೈಬ್ರರಿ ಪುಸ್ತಕವಾದರೆ ಸ್ಟಿಕಿ ನೋಟ್. ಅಧ್ಯಾಯ ಮುಗಿದ ಮೇಲೆ ಗೀಟು ಹಾಕಿದ ಕಡೆಯೆಲ್ಲ ತಿರುಗಿ ನೋಡಿ, ಒಂದೋ ಎರಡೋ ಆರಿಸಿ, ಆಗ ನೋಟ್‌ಬುಕ್ ತೆಗೆಯಲಿ. ಪುಟದ ಸಂಖ್ಯೆ ಜೊತೆಗೆ ಅಧ್ಯಾಯದ ಸಂಖ್ಯೆಯನ್ನೂ ಬರೆಯಲಿ. ಮುದ್ರಣದಿಂದ ಮುದ್ರಣಕ್ಕೆ ಪುಟ ಬದಲಾಗುತ್ತದೆ, ಕಿಂಡಲ್‌ನಲ್ಲಂತೂ ಕೇಳೋದೇ ಬೇಡ.

ಈಗ ಊರಿನ ವಿಷಯ. 'ಗ್ಯಾಟ್ಸ್‌ಬಿ' ಒಂಬತ್ತು ಅಧ್ಯಾಯ, ಡಗ್ಲಸ್ ಹನ್ನೊಂದು. ಒಟ್ಟು ಇಪ್ಪತ್ತು ಸಲ ಕೂರುವ ಕೆಲಸ. ಸಲಕ್ಕೆ ಒಂದೋ ಎರಡೋ ಎಂಟ್ರಿ ಬರೆದರೆ ಮೂವತ್ತು ಆಗಿಬಿಡುತ್ತದೆ. ಡಗ್ಲಸ್ ಪುಸ್ತಕವನ್ನು ಶಿವಮೊಗ್ಗಕ್ಕೆ ತಗೊಂಡು ಹೋಗಿ. ಚಿಕ್ಕ ಪುಸ್ತಕ, ಅಧ್ಯಾಯಗಳೂ ಬಹುಪಾಲು ಚಿಕ್ಕವು. 10ನೇ ಅಧ್ಯಾಯ ಮಾತ್ರ ತುಂಬ ಉದ್ದ, ಅದನ್ನು ಎರಡು ಮೂರು ಸಲಕ್ಕೆ ಒಡೆದುಕೊಳ್ಳಲಿ. ಜುಲೈನಲ್ಲಿ ಅಲ್ಲಿ ಮಳೆ ಹಿಡಿದುಕೊಂಡಿರುತ್ತದೆ, ಹೊರಗೆ ಓಡಾಡೋದು ಕಷ್ಟ. ಅಲ್ಲಿನ ಮಕ್ಕಳಿಗೆ ಬೇಸಿಗೆ ರಜೆ ಮೇ ತಿಂಗಳಿಗೇ ಮುಗಿದಿರುತ್ತದೆ. ಕಸಿನ್‌ಗಳೆಲ್ಲ ಸಂಜೆ ಬರೋವರೆಗೂ ಇವಳಿಗೆ ಮಾತಾಡೋಕೆ ಯಾರೂ ಇರಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಗಂಟೆ ಓದಿಗೆ ಇಟ್ಟುಕೊಂಡರೆ ಯಾರಿಗೂ ತೊಂದರೆ ಇಲ್ಲ. ಮದುವೆ, ಗೃಹಪ್ರವೇಶ, ಜೋಗಕ್ಕೆ ಹೋಗೋ ದಿನ ಬಿಟ್ಟುಬಿಡಿ. ವಿಮಾನದಲ್ಲಿ ಓದುತ್ತೇನೆ ಅಂದರೆ ನಂಬಬೇಡಿ, ಅಲ್ಲಿ ಸಿನಿಮಾ ಇದೆ.

'ಗ್ಯಾಟ್ಸ್‌ಬಿ' ಆಗಸ್ಟ್‌ಗೆ ಇರಲಿ. ಶಾಲೆ ಶುರುವಾಗುವ ಹೊತ್ತಿಗೆ ಕಥೆ ತಲೆಯಲ್ಲಿ ಹಸಿಯಾಗಿರುತ್ತದೆ. ಜೂನ್‌ನಲ್ಲೇ ಎರಡನ್ನೂ ಮುಗಿಸಿ 'ಫ್ರೀ' ಆದ ಮಕ್ಕಳು ಸೆಪ್ಟೆಂಬರ್‌ನಲ್ಲಿ ತಮ್ಮದೇ ನೋಟ್‌ಬುಕ್ ನೋಡಿ ಇದು ಯಾರ ಪಾತ್ರ ಅಂತ ಕೇಳುತ್ತಾರೆ. ಇನ್ನೊಂದು ಮಾತು, ಬರೆದ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸೂಟ್‌ಕೇಸ್ ಬರಲಿಲ್ಲ, ನೋಟ್‌ಬುಕ್ ಅದರಲ್ಲಿತ್ತು ಅನ್ನೋ ಕಥೆ ನಾನು ಕೇಳಿದ್ದೇನೆ. ಕೆಲವು ಸಲ ಅದು ನಿಜವೂ ಆಗಿರುತ್ತದೆ.

ಸ್ಪಾರ್ಕ್‌ನೋಟ್ಸ್ ಬಗ್ಗೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅದಕ್ಕೂ ಮುಂಚೆ, 1958ರಿಂದಲೇ ಕ್ಲಿಫ್ಸ್‌ನೋಟ್ಸ್ ಅನ್ನೋ ಹಳದಿ ಕಪ್ಪು ರಟ್ಟಿನ ಗೈಡ್‌ಗಳು ಇಲ್ಲಿ ಮಾರಾಟವಾಗುತ್ತಿದ್ದವು. ಅಧ್ಯಾಯ ಓದಿದ ಮೇಲೆ, ಬರೆದ ಮೇಲೆ, ಕಥೆ ಸರಿಯಾಗಿ ಹಿಡಿದೆನಾ ಅಂತ ನೋಡೋಕೆ ತೆರೆದರೆ ಪರವಾಗಿಲ್ಲ. ಮೊದಲೇ ತೆರೆದರೆ ಓದುವಾಗ ಅದರ ಕಣ್ಣಿಂದಲೇ ನೋಡುತ್ತಾಳೆ.

ಚಾಟ್‌ಜಿಪಿಟಿ ವಿಷಯ ಬೇರೆ. ಮೊದಲು ಅವಳ ಶಾಲೆಯ ನಿಯಮ ಏನಿದೆ ನೋಡಿ. ಬಹಳ ಕಡೆ ಅದರಿಂದ ಬರೆಸಿದರೆ ನಕಲು ಅಂತಲೇ ಲೆಕ್ಕ. ಕೈಬರಹ ಕೇಳೋದಕ್ಕೂ ಅದೇ ಒಂದು ಕಾರಣ, ಆದರೂ ಸ್ಕ್ರೀನ್ ನೋಡಿಕೊಂಡು ಕೈಯಲ್ಲಿ ಇಳಿಸುವವರು ಇದ್ದೇ ಇದ್ದಾರೆ. ಅದು ಕೊಡುವ ಉತ್ತರದಲ್ಲಿ ತಪ್ಪು ಕಮ್ಮಿ, ಆದರೆ ಎಲ್ಲರಿಗೂ ಹೆಚ್ಚುಕಡಿಮೆ ಅದೇ ಉತ್ತರ. ಕೆಲವು ಸಲ ಪುಸ್ತಕದಲ್ಲಿ ಇಲ್ಲವೇ ಇಲ್ಲದ ಸಾಲನ್ನು ಕೋಟ್ ಮಾಡಿ ಕೊಡುತ್ತದೆ. ಎಡಗಡೆ ಅದನ್ನು ಹಾಕಿದರೆ ಮುಗೀತು. ನಾನು ಪತ್ತೆ ಹಚ್ಚುವ ಸಾಫ್ಟ್‌ವೇರ್ ಏನೂ ಬಳಸಲ್ಲ. ಮೊದಲ ವಾರದಲ್ಲಿ ಪ್ರತಿ ಮಗುವಿನ ನೋಟ್‌ಬುಕ್ಕಿಂದ ಒಂದು ಎಂಟ್ರಿ ಆರಿಸಿ, "ಇದರ ಬಗ್ಗೆ ಇನ್ನೂ ಸ್ವಲ್ಪ ಹೇಳು" ಅನ್ನುತ್ತೇನೆ. ಸ್ವಂತದ್ದಾದರೆ ಮಾತು ಹೊರಡುತ್ತದೆ, ತೊದಲಿಕೊಂಡಾದರೂ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎಡಗಡೆಯನ್ನು ಕೈಯಿಂದ ಮುಚ್ಚಿ, ಬಲಗಡೆ ಮಾತ್ರ ಓದಲಿ. ಈ ಮಾತನ್ನು ಅದೇ ಪುಸ್ತಕದ ಬೇರೆ ಹತ್ತು ಸಾಲುಗಳ ಪಕ್ಕಕ್ಕೂ ಅಂಟಿಸಬಹುದು ಅನ್ನಿಸಿದರೆ ಅದನ್ನು ಹೊಡೆದುಹಾಕಿ ಇನ್ನೊಮ್ಮೆ ಬರೆಯಲಿ. ಯಂತ್ರ ಬರೆದಿದ್ದಕ್ಕೂ ಈ ಪರೀಕ್ಷೆ ಆಗುತ್ತದೆ, ಮಗು ಬೇಸರದಿಂದ ಬರೆದಿದ್ದಕ್ಕೂ ಆಗುತ್ತದೆ.

ಈಗ ನಿಮ್ಮ ಪಾಲಿನ ಕೆಲಸ. ಅವಳು ಒಂದು ಅಧ್ಯಾಯ ಮುಗಿಸಿದ ದಿನ, ಅಡುಗೆ ಮಾಡುತ್ತಲೋ ಬಟ್ಟೆ ಮಡಿಸುತ್ತಲೋ ಹತ್ತು ನಿಮಿಷ ಕಥೆ ಹೇಳಿಸಿಕೊಳ್ಳಿ. ಕನ್ನಡದಲ್ಲಿ ಹೇಳಲಿ, ಇಂಗ್ಲಿಷ್ ಬೆರೆಸಿ ಹೇಳಲಿ. ಎಷ್ಟು ಪುಟ ಆಯಿತು ಅಂತ ಕೇಳಬೇಡಿ. ನೀವು ಪುಸ್ತಕ ಓದಿಲ್ಲದ್ದರಿಂದ ನಿಮಗೆ ಬರೋ ಪ್ರಶ್ನೆಗಳು ನಿಜವಾದ ಪ್ರಶ್ನೆಗಳು. ನನಗೆ ಆ ಅನುಕೂಲ ಇಲ್ಲ. ನಾನು ಏನು ಕೇಳಿದರೂ, ಟೀಚರ್‌ಗೆ ಉತ್ತರ ಗೊತ್ತಿದೆ, ಸುಮ್ನೆ ಕೇಳುತ್ತಿದ್ದಾರೆ ಅಂತ ಮಕ್ಕಳಿಗೆ ಗೊತ್ತು.

ಅವಳು "ಅವನು ಬ್ರೆಡ್ ಕೊಟ್ಟು ಓದೋದು ಕಲಿತ ಅಮ್ಮಾ" ಅಂದಳು ಅಂತಿಟ್ಟುಕೊಳ್ಳಿ. ನೀವು ಸಹಜವಾಗಿ ಕೇಳುತ್ತೀರಿ, "ಗುಲಾಮನ ಹತ್ತಿರ ಕೊಡೋವಷ್ಟು ಬ್ರೆಡ್ ಎಲ್ಲಿಂದ ಬಂತೇ?" ಅವಳು ಹೋಗಿ ಪುಸ್ತಕ ತೆರೆಯುತ್ತಾಳೆ. ಅಲ್ಲಿ ಉತ್ತರ ಇದೆ. ಆ ಮನೆಯಲ್ಲಿ ಬ್ರೆಡ್‌ಗೆ ಕೊರತೆ ಇರಲಿಲ್ಲ, ಈ ವಿಷಯದಲ್ಲಿ ನೆರೆಹೊರೆಯ ಎಷ್ಟೋ ಬಡ ಬಿಳಿ ಮಕ್ಕಳಿಗಿಂತ ನಾನೇ ಅನುಕೂಲವಾಗಿದ್ದೆ ಅಂತ ಡಗ್ಲಸ್ ಹೇಳುತ್ತಾರೆ. ಅಂದರೆ ಸ್ವತಂತ್ರನಾಗಿ ಹುಟ್ಟಿದ ಹುಡುಗ ಹಸಿದಿದ್ದಾನೆ, ಗುಲಾಮನ ಹೊಟ್ಟೆ ತುಂಬಿದೆ, ಆದರೂ ಗುಲಾಮನಿಗೆ ಆ ಹುಡುಗನ ಹತ್ತಿರ ಇರೋದು ಬೇಕು. ಆ ಮಾತು ಬಾಯಲ್ಲಿ ಬಂದ ಕೂಡಲೇ "ಇದನ್ನ ಬರ್ಕೋ ಹೋಗು" ಅನ್ನಿ. ಆ ಎಂಟ್ರಿಯ ಶುರುವಿನಲ್ಲಿ "ನಮ್ಮಮ್ಮ ಕೇಳಿದಳು" ಅಂತ ಬರೆದರೂ ನಾನಂತೂ ಖುಷಿಪಡುತ್ತೇನೆ. ಊರಲ್ಲಿ ಅಜ್ಜಿಗೂ ಕಥೆ ಹೇಳಲಿ. ಅಜ್ಜಿಯರ ಪ್ರಶ್ನೆಗಳು ಇನ್ನೂ ಮೊನಚು.

ತಿದ್ದಬಹುದಾ ಅಂದಿರಿ. ಬೇಡ. ಸ್ಪೆಲ್ಲಿಂಗ್ ತಪ್ಪಿದ್ದರೂ ಬಿಡಿ. ಈ ನೋಟ್‌ಬುಕ್ ಯೋಚನೆಯ ಕಚ್ಚಾ ಪುಟ. ಅವಳಾಗಿಯೇ ತೋರಿಸಿದರೆ "ಇದು ಯಾವ ಪದ ನೋಡಿ ಹೀಗನ್ನಿಸಿತು?" ಅಂತ ಒಂದೇ ಪ್ರಶ್ನೆ ಕೇಳಿ. ಅದಕ್ಕೆ ಅವಳು ಕೊಡುವ ಉತ್ತರವನ್ನು ಎಂಟ್ರಿಗೆ ಸೇರಿಸಿಕೊಳ್ಳಲಿ. ಮೇ ತಿಂಗಳ ಎಪಿ ಪರೀಕ್ಷೆಯಲ್ಲಿ ಮೂರು ಪ್ರಬಂಧ ಬರೆಯಬೇಕು, ಒಂದೊಂದಕ್ಕೆ 6 ಅಂಕ. ಆ ಆರರಲ್ಲಿ 4, ಆಧಾರ ಕೊಟ್ಟು ಅದನ್ನು ವಿವರಿಸಿದ್ದಕ್ಕೆ. ನೀವು ಕೇಳೋ ಆ ಒಂದು ಪ್ರಶ್ನೆಗೆ ಉತ್ತರ ಹೇಳಿ ರೂಢಿಯಾದರೆ ಅಲ್ಲಿಗೂ ಆಯಿತು.

ರಜೆಯಲ್ಲಿ ಯಾಕೆ ಅನ್ನೋದಕ್ಕೆ ಮಕ್ಕಳಿಗೆ ನಿಜ ಹೇಳಿಬಿಡಬೇಕು. ಎಪಿ ಪರೀಕ್ಷೆ ದೇಶಕ್ಕೆಲ್ಲ ಮೇ ತಿಂಗಳ ಮೊದಲರ್ಧದಲ್ಲೇ ನಡೆಯುತ್ತದೆ. ಜಾರ್ಜಿಯಾ ರಾಜ್ಯದಲ್ಲಿ ಬಹಳ ಶಾಲೆಗಳು ಆಗಸ್ಟ್ ಮೊದಲ ವಾರವೇ ಶುರು. ನಿಮ್ಮಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆ ಕಳೆದ ಮೇಲೆ. ಅಲ್ಲಿಗೆ ನಿಮ್ಮ ಮಕ್ಕಳಿಗೆ ಒಂದು ತಿಂಗಳ ಪಾಠ ಕಡಿಮೆ. ಆ ತಿಂಗಳನ್ನು ಟೀಚರ್‌ಗಳು ರಜೆಯಿಂದ ಕಿತ್ತುಕೊಳ್ಳುತ್ತಿದ್ದಾರೆ, ಅಷ್ಟೇ ಕಥೆ. ರಜೆಯಲ್ಲಿ ಮಕ್ಕಳು ಕಲಿತಿದ್ದು ಮರೆಯುತ್ತಾರೆ ಅನ್ನೋ ವಾದವೂ ಇದೆ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ, ಸರಾಸರಿ ಒಂದು ತಿಂಗಳಷ್ಟು ಕಲಿಕೆ ಹಿಂದೆ ಬೀಳುತ್ತದೆ ಅಂದರು. ಆಮೇಲೆ ಪಾಲ್ ವಾನ್ ಹಿಪ್ಪೆಲ್ ಅಂಥವರು ಆ ಲೆಕ್ಕವನ್ನೇ ಪ್ರಶ್ನಿಸಿದ್ದಾರೆ. ಎಪಿ ತಗೊಳ್ಳುವ ಹುಡುಗಿಗೆ ಆ ಹೆದರಿಕೆ ಹುಟ್ಟಿಸೋ ಅಗತ್ಯ ನನಗೆ ಕಾಣಲ್ಲ. ಮೂವತ್ತು ಎಂಟ್ರಿ ಜಾಸ್ತಿ ಆಯಿತು ಅಂತ ನನಗೂ ಅನ್ನಿಸುತ್ತದೆ. ನಾನು ಹನ್ನೆರಡು ಕೇಳುತ್ತೇನೆ. ಆದರೆ ಅದು ಅವಳ ಟೀಚರ್‌ಗೆ ಬಿಟ್ಟಿದ್ದು, ಜಗಳ ನಿಮ್ಮ ಹತ್ತಿರ ಆಡಿ ಏನು ಪ್ರಯೋಜನ ಅಂತ ಕೇಳಿ.

ಕೊನೆಯ ವಾರ ಬಂತು, ಇನ್ನೂ ಹದಿನೆಂಟೇ ಎಂಟ್ರಿ ಆಗಿದೆ ಅಂತಾದರೆ, ರಾತ್ರಿ ಕೂತು ನೆಟ್‌ನಿಂದ ಹನ್ನೆರಡು ತುಂಬಿಸೋಕೆ ಬಿಡಬೇಡಿ. ಟೀಚರ್‌ಗೆ ಅವಳೇ ಎರಡು ಸಾಲು ಇಮೇಲ್ ಬರೆಯಲಿ, ನಿಮ್ಮ ಹೆಸರಿನಿಂದ ಬೇಡ. ಹದಿನೆಂಟು ಆಗಿದೆ, ಇನ್ನು ಇಷ್ಟು ದಿನ ಕೊಡುತ್ತೀರಾ ಅಂತ. ನನಗೆ ಅಂಥ ಇಮೇಲ್ ಬಂದರೆ ತಡವಾಗಿದ್ದಕ್ಕೆ ಸ್ವಲ್ಪ ಅಂಕ ಕಳೆದು, ಮಿಕ್ಕಿದ್ದನ್ನು ಮುಂದಿನ ಸೋಮವಾರ ತಾ ಅನ್ನುತ್ತೇನೆ. ಆ ಹದಿನೆಂಟನ್ನು ಮೊದಲ ದಿನವೇ ಕ್ಲಾಸಿಗೆ ತರಲಿ. ಬಹಳ ಕಡೆ ಮೊದಲ ವಾರದ ಪ್ರಬಂಧವನ್ನು ಈ ನೋಟ್‌ಬುಕ್ ತೆರೆದಿಟ್ಟುಕೊಂಡೇ ಬರೆಸುತ್ತಾರೆ.